ಮಸೂರವೇನು ತಪ್ಪು ಮಾಡಿತು?

ಫಿಲ್ಮಿನ ಯುಗ ಮುಗಿಯಿತೆಂಬುದನ್ನು ನೀಲಗಿರಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದೇಶಕ್ಕೆ ಕಪ್ಪು-ಬಿಳುಪು ಫಿಲ್ಮನ್ನೂ ಎಕ್ಸ್-ರೇ ಹಾಳೆಗಳನ್ನೂ ಒದಗಿಸಿದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಸಂಸ್ಥೆ 1960ರಲ್ಲಿ ಸ್ಥಾಪಿತವಾದದ್ದು ನಮ್ಮ ಉದಕಮಂಡಲದಲ್ಲಿಯೇ. ‘ಇಂದು’ ಎಂಬ ಹೆಸರು ಹೊತ್ತ ಆ ಫಿಲ್ಮು ಈ ಬೆಟ್ಟದಿಂದ ಇಳಿದು ಊರೂರಿನ ಸ್ಟುಡಿಯೋಗಳನ್ನು ಸೇರುತ್ತಿತ್ತು. ಸಾವಿರಾರು ಕುಟುಂಬಗಳಿಗೆ ಅನ್ನವಿತ್ತ ಆ ಕಾರ್ಖಾನೆ ಈಗ ಮುಚ್ಚಿದೆ. ಇಂದುನಗರವೆಂಬ ಊರಿನ ಹೆಸರು ಉಳಿದಿದೆ. ಇದಕ್ಕಾಗಿ ದುಃಖಿಸಬಹುದು, ಆದರೆ ವಾದಕ್ಕಿಳಿದು ಪ್ರಯೋಜನವಿಲ್ಲ. ಬೆಳಕನ್ನು ದಾಖಲಿಸುವ ಕೆಲಸಕ್ಕೆ ಫಿಲ್ಮಿನ ಬದಲು ಡಿಜಿಟಲ್ ಸೆನ್ಸರು ಬಂದಿತು. ಫಿಲ್ಮಿಗೆ ಬೇಡಿಕೆ ಕುಸಿಯಿತು.

ನಾನು ವಾದಿಸಹೊರಟಿರುವುದು ಬೇರೊಂದು ಸಂಗತಿಯ ಬಗ್ಗೆ. ಫಿಲ್ಮಿನ ಮುಂದೆ ನಿಂತು ಬೆಳಕನ್ನು ಒಂದುಗೂಡಿಸಿ ಬಿಂಬವನ್ನು ಕಟ್ಟುತ್ತಿದ್ದ ಮಸೂರವನ್ನು, ಅಂದರೆ ನಾವೆಲ್ಲ ಲೆನ್ಸ್ ಎಂದು ಕರೆಯುವ ಆ ಗಾಜಿನ ಕಣ್ಣನ್ನು, ಫಿಲ್ಮಿನೊಡನೆಯೇ ಸತ್ತಿತೆಂದು ತೀರ್ಮಾನಿಸಿ ಗುಜರಿಗೆ ಹಾಕುತ್ತಿದ್ದೇವಲ್ಲ, ಅದು ಸರಿಯಲ್ಲ. ಉದಕಮಂಡಲ, ಕೂನೂರು, ಕೋಟಗಿರಿಗಳಲ್ಲಿ ಸ್ಟುಡಿಯೋದ ಬಾಗಿಲು ಮುಚ್ಚಿದಾಗ, ಹಿರಿಯರು ತೀರಿಕೊಂಡು ಮನೆಯ ಬೀರು ಖಾಲಿ ಮಾಡುವಾಗ, ಹಳೆಯ ಕ್ಯಾಮೆರಾವನ್ನು ಅದರ ಮಸೂರದ ಸಮೇತ ಹಳೆಯ ಕಬ್ಬಿಣದ ಬೆಲೆಗೆ ಕೊಟ್ಟುಬಿಡುವುದು ರೂಢಿಯಾಗಿದೆ. ಅದೇ ಮನೆಯ ಮಗನೋ ಮಗಳೋ ಛಾಯಾಗ್ರಹಣದಲ್ಲಿ ಆಸಕ್ತಿ ತೋರಿದರೆ, ಡಿಜಿಟಲ್ ಕ್ಯಾಮೆರಾಕ್ಕೆ ಸಾಲ ಮಾಡುವುದಲ್ಲದೆ ಅದಕ್ಕೊಪ್ಪುವ ಮಸೂರಕ್ಕೆ ಮತ್ತೊಂದು ಸಾಲ ಮಾಡಬೇಕಾಗುತ್ತದೆ. ‘ಹೊಸ ಕ್ಯಾಮೆರಾಕ್ಕೆ ಹೊಸ ಲೆನ್ಸೇ ಬೇಕು’ ಎಂದು ಅಂಗಡಿಯವರು ಹೇಳುತ್ತಾರೆ; ತಿಳಿದವರೂ ತಲೆಯಾಡಿಸುತ್ತಾರೆ. ಈ ಮಾತು ಪೂರ್ಣ ಸತ್ಯವಲ್ಲವೆಂದು ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಮಸೂರದ ಕೆಲಸವೇನೆಂಬುದನ್ನು ನೋಡೋಣ. ಅದರೊಳಗೆ ಹಾದು ಬಂದ ಬೆಳಕು ಹಿಂಬದಿಯ ಒಂದು ನಿರ್ದಿಷ್ಟ ದೂರದಲ್ಲಿ ಕೂಡಿ ಬಿಂಬವಾಗುತ್ತದೆ. ಆ ಸ್ಥಳದಲ್ಲಿ ಫಿಲ್ಮಿದ್ದರೆ ಫಿಲ್ಮಿನ ಮೇಲೆ, ಸೆನ್ಸರಿದ್ದರೆ ಸೆನ್ಸರಿನ ಮೇಲೆ, ಬಿಳಿಯ ಕಾಗದವಿದ್ದರೆ ಕಾಗದದ ಮೇಲೆ ಬಿಂಬ ಮೂಡುತ್ತದೆ. ಮನೆಯಲ್ಲಿ ಹಳೆಯ ಮಸೂರವಿದ್ದವರು ಹಗಲಿನಲ್ಲಿ ಕಿಟಕಿಯ ಎದುರಿನ ಗೋಡೆಯ ಬಳಿ ಅದನ್ನು ಹಿಡಿದು ನೋಡಬಹುದು: ಕಿಟಕಿ, ಅದರಾಚೆಯ ಮರ, ಆಕಾಶ ಎಲ್ಲವೂ ತಲೆಕೆಳಗಾಗಿ ಗೋಡೆಯ ಮೇಲೆ ಕಾಣಿಸುತ್ತವೆ. ತನ್ನ ಹಿಂದಿರುವುದು ಏನೆಂದು ಗಾಜು ಕೇಳುವುದಿಲ್ಲ. 35 ಮಿ.ಮೀ. ಫಿಲ್ಮಿನ ಒಂದು ಚೌಕಟ್ಟಿನ ಅಳತೆ 36 × 24 ಮಿ.ಮೀ.; ಇಂದು ಫುಲ್ ಫ್ರೇಮ್ ಎಂದು ಮಾರುವ ಡಿಜಿಟಲ್ ಕ್ಯಾಮೆರಾಗಳ ಸೆನ್ಸರಿನ ಅಳತೆಯೂ ಹೆಚ್ಚುಕಡಿಮೆ ಅಷ್ಟೇ. ಅಂದಮೇಲೆ ಅಂದಿನ ಮಸೂರ ಇಂದಿನ ಸೆನ್ಸರನ್ನು ತುಂಬಲಾರದೆಂಬುದಕ್ಕೆ ಆಧಾರವಿಲ್ಲ.

ಹಾಗಾದರೆ ಅದು ಏಕೆ ಕೂರುವುದಿಲ್ಲ? ಬದಲಾದದ್ದು ಮಸೂರವನ್ನು ಕ್ಯಾಮೆರಾಕ್ಕೆ ಬಿಗಿಯುವ ಬಾಯಿ, ಅಂದರೆ ಮೌಂಟ್. ಇದರ ಚರಿತ್ರೆಯಲ್ಲಿ ಒಂದು ಒಳ್ಳೆಯ ಅಧ್ಯಾಯವೂ ಇದೆ. 1949ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ ತಯಾರಾದ ಕಾಂಟ್ಯಾಕ್ಸ್ ಎಸ್ ಕ್ಯಾಮೆರಾದೊಡನೆ 42 ಮಿ.ಮೀ. ಅಗಲದ, ತಿರುಗಿಸಿ ಕೂರಿಸುವ ಸರಳ ಮರೆಯ ಮೌಂಟ್ ಬಂದಿತು. ಅದನ್ನು ಎಂ42 ಎಂದು ಕರೆಯುತ್ತಾರೆ. ಪೂರ್ವ ಜರ್ಮನಿಯ ಪ್ರಾಕ್ಟಿಕಾ, ಜಪಾನಿನ ಪೆಂಟಾಕ್ಸ್, ಸೋವಿಯತ್ ಒಕ್ಕೂಟದ ಝೆನಿಟ್ ಎಲ್ಲವೂ ಅದನ್ನು ಬಳಸಿದವು. ರಾಜಕೀಯವಾಗಿ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತಿದ್ದ ದೇಶಗಳ ಮಸೂರಗಳು ಪರಸ್ಪರರ ಕ್ಯಾಮೆರಾಗಳಲ್ಲಿ ಜಗಳವಿಲ್ಲದೆ ಕುಳಿತವು. ಅನಂತರ ಒಂದೊಂದು ಸಂಸ್ಥೆಯೂ ತನ್ನದೇ ಬಾಯಿಯನ್ನು ಮಾಡಿಕೊಂಡಿತು. ಕ್ಯಾನನ್ ಸಂಸ್ಥೆ 1971ರಲ್ಲಿ ತಂದ ಎಫ್‌ಡಿ ಮೌಂಟನ್ನು 1987ರಲ್ಲಿ ಕೈಬಿಟ್ಟು ಇಎಫ್ ಎಂಬ ಹೊಸ ಮೌಂಟನ್ನು ತಂದಿತು. ಸ್ವಯಂಚಾಲಿತ ಫೋಕಸ್ಸಿಗೆ ವಿದ್ಯುತ್ ಸಂಪರ್ಕವುಳ್ಳ ಅಗಲವಾದ ಬಾಯಿ ಬೇಕಿತ್ತೆಂಬ ಸಂಸ್ಥೆಯ ಕಾರಣ ಸುಳ್ಳಲ್ಲ. ಆದರೆ ಹದಿನಾರು ವರ್ಷ ಎಫ್‌ಡಿ ಮಸೂರಗಳನ್ನು ಕೂಡಿಟ್ಟುಕೊಂಡಿದ್ದ ಛಾಯಾಗ್ರಾಹಕನ ಪಾಲಿಗೆ ಅವೆಲ್ಲವೂ ಒಮ್ಮೆಗೇ ಅನಾಥವಾದವು.

ಇಲ್ಲಿ ಒಂದು ಅಳತೆಯನ್ನು ತಿಳಿದುಕೊಳ್ಳಬೇಕು. ಮಸೂರ ಕೂರುವ ಬಾಯಿಯ ಅಂಚಿನಿಂದ ಫಿಲ್ಮಿನವರೆಗಿನ ದೂರ ಪ್ರತಿಯೊಂದು ಮೌಂಟಿಗೂ ನಿಗದಿಯಾಗಿರುತ್ತದೆ. ಎಂ42ಕ್ಕೆ ಅದು 45.46 ಮಿ.ಮೀ.; ನಿಕಾನ್ ಸಂಸ್ಥೆಯ 1959ರ ಎಫ್ ಮೌಂಟಿಗೆ 46.5, ಕ್ಯಾನನ್ ಎಫ್‌ಡಿಗೆ 42, ಕ್ಯಾನನ್ ಇಎಫ್‌ಗೆ 44. ಎಫ್‌ಡಿ ಮಸೂರವನ್ನು ಇಎಫ್ ಕ್ಯಾಮೆರಾದಲ್ಲಿ ಸರಿಯಾಗಿ ನಿಲ್ಲಿಸಬೇಕಾದರೆ ಅದು ಕ್ಯಾಮೆರಾದ ಒಳಕ್ಕೆ 2 ಮಿ.ಮೀ. ಇಳಿಯಬೇಕು. ಅಲ್ಲಿ ಜಾಗವಿಲ್ಲ. ಆ ಕಾಲದ ಕ್ಯಾಮೆರಾಗಳಲ್ಲಿ ಮಸೂರಕ್ಕೂ ಫಿಲ್ಮಿಗೂ ನಡುವೆ ಮೇಲೆದ್ದು ಇಳಿಯುವ ಒಂದು ಕನ್ನಡಿ ಇತ್ತು; ಅದಕ್ಕಾಗಿಯೇ ಇಷ್ಟು ಆಳ ಬೇಕಾಗಿತ್ತು.

2008ರಲ್ಲಿ ಆರಂಭವಾದ ಮಿರರ್‌ಲೆಸ್ ಕ್ಯಾಮೆರಾಗಳು ಆ ಕನ್ನಡಿಯನ್ನೇ ಕಿತ್ತೊಗೆದವು. ಕನ್ನಡಿ ಹೋದದ್ದರಿಂದ ಆಳ ತಗ್ಗಿತು. ಸೋನಿಯ ಇ ಮೌಂಟಿನಲ್ಲಿ ಈ ದೂರ ಕೇವಲ 18 ಮಿ.ಮೀ.; ಕ್ಯಾನನ್ ಆರ್‌ಎಫ್‌ನಲ್ಲಿ 20; ನಿಕಾನ್ ಝಡ್‌ನಲ್ಲಿ 16. ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡಿ. ಎಂ42 ಮಸೂರಕ್ಕೆ 45.46 ಮಿ.ಮೀ. ದೂರ ಬೇಕು, ಸೋನಿ ಕ್ಯಾಮೆರಾದಲ್ಲಿರುವುದು 18. ಉಳಿದ 27.46 ಮಿ.ಮೀ. ದೂರವನ್ನು ಒಂದು ಟೊಳ್ಳು ಲೋಹದ ಉಂಗುರದಿಂದ ತುಂಬಿದರೆ ಕೆಲಸ ಮುಗಿಯಿತು. ಆ ಉಂಗುರಕ್ಕೇ ಅಡಾಪ್ಟರ್ ಎಂದು ಹೆಸರು. ಅದರಲ್ಲಿ ಗಾಜಿಲ್ಲ, ತಂತಿಯಿಲ್ಲ, ಬ್ಯಾಟರಿಯಿಲ್ಲ. ಸಾಧಾರಣವಾದದ್ದು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಕಳೆದ ಅರವತ್ತು-ಎಪ್ಪತ್ತು ವರ್ಷಗಳಲ್ಲಿ ಲೋಕ ತಯಾರಿಸಿದ 35 ಮಿ.ಮೀ. ಕ್ಯಾಮೆರಾ ಮಸೂರಗಳಲ್ಲಿ ಬಹುಪಾಲನ್ನು ಹೀಗೆ ಮತ್ತೆ ಕೆಲಸಕ್ಕೆ ಹಚ್ಚಬಹುದು. ಉಂಗುರದ ಉದ್ದ ಕರಾರುವಾಕ್ಕಾಗಿರಬೇಕೆಂಬುದೊಂದೇ ನಿಬಂಧನೆ. ಅದು ತುಸು ಉದ್ದವಾದರೆ ಹತ್ತಿರದ ಹೂವು ಸ್ಪಷ್ಟವಾಗಿಯೂ ದೂರದ ದೊಡ್ಡಬೆಟ್ಟ ಮಸುಕಾಗಿಯೂ ಬರುತ್ತದೆ. ತುಸು ಗಿಡ್ಡವಾದರೆ ಮಸೂರದ ಮೇಲೆ ಬರೆದ ದೂರದ ಅಂಕಿಗಳು ನಂಬಲರ್ಹವಾಗುವುದಿಲ್ಲ, ಆದರೆ ಚಿತ್ರ ಕೆಡುವುದಿಲ್ಲ.

ಇಷ್ಟು ಸರಳವಾದ ಸಂಗತಿಯನ್ನು ಕೊಳ್ಳುವವನಿಗೆ ಏಕೆ ಹೇಳುವುದಿಲ್ಲ? ಸಾವಿರ ರೂಪಾಯಿಯ ಉಂಗುರ ಮಾರಿದವನಿಗೆ ಮೂವತ್ತು ಸಾವಿರದ ಮಸೂರ ಮಾರಿದ ಲಾಭ ಬರುವುದಿಲ್ಲವೆಂಬುದೇ ನೇರವಾದ ಉತ್ತರ. ಇದರಲ್ಲಿ ಪಿತೂರಿಯೇನೂ ಇಲ್ಲ; ವ್ಯಾಪಾರದ ಸಹಜಗುಣ. ಆದರೆ ಮಾರುವವನ ಅನುಕೂಲವನ್ನು ವಿಜ್ಞಾನದ ನಿಯಮವೆಂದು ನಂಬುವ ಹೊಣೆ ಕೊಳ್ಳುವವರಾದ ನಮಗಿಲ್ಲ. ಇನ್ನೊಂದು ಮಾತನ್ನೂ ಗಮನಿಸಬೇಕು. ಇಂದಿನ ಬಹಳಷ್ಟು ಹೊಸ ಮಸೂರಗಳಲ್ಲಿ ಫೋಕಸ್ ಉಂಗುರಕ್ಕೂ ಒಳಗಿನ ಗಾಜಿಗೂ ನೇರ ಸಂಬಂಧವಿಲ್ಲ. ಉಂಗುರ ತಿರುಗಿಸಿದರೆ ಒಂದು ಸಂಕೇತ ಹೋಗುತ್ತದೆ. ಗಾಜನ್ನು ಸರಿಸುವುದು ಮೋಟಾರು. ಕ್ಯಾಮೆರಾದಿಂದ ವಿದ್ಯುತ್ ಬಾರದಿದ್ದರೆ ಗಾಜು ಅಲುಗದು, ಅಪರ್ಚರ್ ಮುಚ್ಚದು. 2018ರಲ್ಲಿ ನಿಕಾನ್ ಝಡ್ ಮೌಂಟನ್ನು ತಂದಾಗ ತನ್ನ ಹಳೆಯ ಮಸೂರಗಳಿಗೆಂದು ತಾನೇ ಒಂದು ಅಡಾಪ್ಟರನ್ನೂ ತಂದಿತು. ಆದರೆ ಕ್ಯಾಮೆರಾದೊಳಗಿನ ಮೋಟಾರಿನಿಂದ ಫೋಕಸ್ ಆಗುತ್ತಿದ್ದ ಅದೇ ಸಂಸ್ಥೆಯ ಎಎಫ್-ಡಿ ಮಸೂರಗಳಿಗೆ ಸ್ವಯಂಚಾಲಿತ ಫೋಕಸ್ ಕೊಡುವ ಮೋಟಾರು ಅದರಲ್ಲಿರಲಿಲ್ಲ. ಅವಕ್ಕಿಂತ ಹಳೆಯದಾದ, ಕೈಯಿಂದ ತಿರುಗಿಸುವ ಮಸೂರಗಳು ಮಾತ್ರ ತಾವು ಹುಟ್ಟಿದಂದಿನ ಸಾಮರ್ಥ್ಯದಲ್ಲೇ ಕೆಲಸ ಮಾಡುತ್ತವೆ. ಯಾವುದು ಹೆಚ್ಚು ಕಾಲ ಬಾಳುವ ಸಾಧನವೆಂದು ಓದುಗರೇ ನಿರ್ಧರಿಸಲಿ.

ನನ್ನ ವಾದಕ್ಕೆ ಎದುರಾಗುವ ಆಕ್ಷೇಪಗಳನ್ನು ಮರೆಮಾಚುವುದು ನ್ಯಾಯವಲ್ಲ. ಒಂದೊಂದಾಗಿ ಎತ್ತಿಕೊಳ್ಳುತ್ತೇನೆ.

‘ಹಳೆಯದರಲ್ಲಿ ಸ್ವಯಂಚಾಲಿತ ಫೋಕಸ್ ಇಲ್ಲ’ ಎನ್ನುತ್ತಾರೆ. ನಿಜ. ಹಾರುವ ಹಕ್ಕಿ, ಓಡುವ ಮಗು, ಕ್ರಿಕೆಟ್ ಪಂದ್ಯ ಇವುಗಳಿಗೆ ಹೊಸ ಮಸೂರವೇ ತಕ್ಕದ್ದು. ಅದನ್ನು ಅಲ್ಲಗಳೆಯುವುದು ಹಟವಾದೀತು. ಆದರೆ ಕುಳಿತ ಅಜ್ಜಿಯ ಮುಖ, ದೇಗುಲದ ಶಿಲ್ಪ, ಚಹಾ ತೋಟದ ಇಳಿಜಾರು, ಹಳೆಯ ಕಾಗದಪತ್ರ ಇವು ಓಡಿಹೋಗುವುದಿಲ್ಲ. ಅಷ್ಟೇ ಅಲ್ಲ, ಕೈಯಿಂದ ಫೋಕಸ್ ಮಾಡುವುದು ಇಂದು ಅಂದಿಗಿಂತ ಸುಲಭ. ಮಿರರ್‌ಲೆಸ್ ಕ್ಯಾಮೆರಾ ತನ್ನ ತೆರೆಯ ಮೇಲೆ ಚಿತ್ರದ ಒಂದು ಭಾಗವನ್ನು ಹಲವು ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಸ್ಪಷ್ಟವಾದ ಅಂಚುಗಳಿಗೆ ಬಣ್ಣ ಹಚ್ಚಿ ಗುರುತಿಸುತ್ತದೆ.

‘ಹಳೆಯ ಗಾಜು ಅಷ್ಟು ಸ್ಫುಟವಲ್ಲ’ ಎನ್ನುತ್ತಾರೆ. ಇದು ಅರೆಸತ್ಯ. ಹಳೆಯ ಝೂಮ್‌ಗಳಲ್ಲಿಯೂ ತೀರ ಅಗಲ ಕೋನದ ಮಸೂರಗಳಲ್ಲಿಯೂ ಅನೇಕವು ಇಂದಿನವುಗಳ ಮುಂದೆ ನಿಲ್ಲಲಾರವು. ಅಂದಿನ ಲೇಪನಗಳು ದುರ್ಬಲವಾದದ್ದರಿಂದ ಎದುರು ಬಿಸಿಲಿನಲ್ಲಿ ಚಿತ್ರ ಬೆಳ್ಳಗೆ ಮಬ್ಬಾಗುತ್ತದೆ. ಆದರೆ ಫಿಲ್ಮ್ ಕ್ಯಾಮೆರಾಗಳೊಡನೆ ಸಾಮಾನ್ಯವಾಗಿ ಬರುತ್ತಿದ್ದ 50 ಮಿ.ಮೀ. ಮಸೂರದ ಮಾತು ಬೇರೆ. ಅದರ ಅಪರ್ಚರನ್ನು ಎಫ್/5.6ಕ್ಕೋ ಎಫ್/8ಕ್ಕೋ ಇಳಿಸಿದರೆ ಇಂದಿನ ಸೆನ್ಸರಿಗೂ ಸಾಲುವಷ್ಟು ವಿವರ ಕೊಡುತ್ತದೆ. ಪೂರ್ತಿ ತೆರೆದಾಗ ಅಂಚುಗಳು ಮೃದುವಾದರೂ ಬೆಳಕನ್ನು ಧಾರಾಳವಾಗಿ ಒಳಬಿಡುತ್ತದೆ. ಹೊಸ ಕ್ಯಾಮೆರಾದೊಡನೆ ಬರುವ ಅಗ್ಗದ ಝೂಮ್ ಮಸೂರ ತನ್ನ ಉದ್ದದ ತುದಿಯಲ್ಲಿ ಸಾಮಾನ್ಯವಾಗಿ ಎಫ್/5.6ರಷ್ಟೇ ತೆರೆಯುತ್ತದೆ, ಎಫ್/2ರ ಹಳೆಯ ಮಸೂರ ಅದರ ಸುಮಾರು 8 ಪಟ್ಟು ಬೆಳಕನ್ನು ಒಳಬಿಡುತ್ತದೆ. ದೀಪದ ಬೆಳಕಿನ ಗರ್ಭಗುಡಿಯಲ್ಲಿ, ಮಂಜು ಕವಿದ ಮಧ್ಯಾಹ್ನದಲ್ಲಿ, ಈ ಎಂಟು ಪಟ್ಟು ಬೆಳಕಿನ ಬೆಲೆ ಏನೆಂಬುದು ಬಳಸಿದವರಿಗೆ ಗೊತ್ತು.

‘ಕ್ಯಾಮೆರಾ ಕೆಟ್ಟುಹೋದೀತು’ ಎಂದು ಹೆದರಿಸುತ್ತಾರೆ. ಟೊಳ್ಳು ಉಂಗುರದಿಂದ ವಿದ್ಯುತ್ತಿನ ಅಪಾಯವಿಲ್ಲ. ಕ್ಯಾಮೆರಾದ ಮೆನುವಿನಲ್ಲಿ ‘ಲೆನ್ಸ್ ಇಲ್ಲದೆಯೂ ಶಟರ್ ತೆರೆಯಲಿ’ ಎಂಬ ಆಯ್ಕೆಯನ್ನು ಒತ್ತಬೇಕು. ಅಲುಗಾಟ ತಡೆಯುವ ವ್ಯವಸ್ಥೆ ಕ್ಯಾಮೆರಾದಲ್ಲಿದ್ದರೆ ಮಸೂರದ ಸಂಗಮ ದೂರವನ್ನು ಅದಕ್ಕೆ ತಿಳಿಸಬೇಕು. ಹಿಂಬದಿಯ ಗಾಜು ಬಹಳ ಚಾಚಿಕೊಂಡಿರುವ ಕೆಲವು ಮಸೂರಗಳನ್ನು ಮಾತ್ರ ನೋಡಿ ಕೂರಿಸಬೇಕು. ಸೆನ್ಸರು ಚಿಕ್ಕದಾದ ಎಪಿಎಸ್-ಸಿ ಕ್ಯಾಮೆರಾದಲ್ಲಿ 50 ಮಿ.ಮೀ. ಮಸೂರ ಸುಮಾರು 75 ಮಿ.ಮೀ. ಮಸೂರದ ನೋಟವನ್ನು ಕೊಡುತ್ತದೆ: ಮುಖಚಿತ್ರಕ್ಕೆ ಅನುಕೂಲ, ಇಕ್ಕಟ್ಟಾದ ಕೋಣೆಗೆ ಅನನುಕೂಲ.

‘ಬೂಷ್ಟು ಹಿಡಿದಿದೆ’ ಎಂಬುದು ನಮ್ಮ ಜಿಲ್ಲೆಗೆ ತಕ್ಕ ಆಕ್ಷೇಪ. ನೀಲಗಿರಿಯ ಮಂಜಿನಲ್ಲಿ, ವಯನಾಡು-ಕಾಸರಗೋಡುಗಳ ಮಳೆಯಲ್ಲಿ ಮಸೂರದ ಒಳಗೆ ಶಿಲೀಂಧ್ರ ಜೇಡರ ಬಲೆಯಂತೆ ಹಬ್ಬುವುದು ಸಾಮಾನ್ಯ. ಆದೋನಿ-ರಾಯದುರ್ಗದ ಒಣ ಸೀಮೆಯ ಬಂಧುಗಳಿಗೆ ಆ ಕಾಟ ಕಡಿಮೆ, ಧೂಳಿನ ಕಾಟ ಹೆಚ್ಚು. ಬೂಷ್ಟು ಈಗಷ್ಟೇ ಹಿಡಿದಿದ್ದರೆ ನುರಿತವರು ಬಿಚ್ಚಿ ಒರೆಸಿ ತೆಗೆಯಬಲ್ಲರು; ಲೇಪನವನ್ನೋ ಗಾಜನ್ನೋ ತಿಂದುಹಾಕಿದ್ದರೆ ಗುರುತು ಉಳಿಯುತ್ತದೆ. ಆದರೆ ಈ ರೋಗಕ್ಕೆ ಮುಖ್ಯ ಕಾರಣ ನಮ್ಮ ಭಕ್ತಿಯೇ. ಚರ್ಮದ ಚೀಲದೊಳಗಿಟ್ಟು, ಅದನ್ನು ಕತ್ತಲೆಯ ಬೀರುವಿನೊಳಗಿಟ್ಟು, ವರ್ಷಗಟ್ಟಲೆ ಮುಟ್ಟದೆ ಕಾಪಾಡುತ್ತೇವೆ. ಚರ್ಮ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಆ ಚೀಲವನ್ನು ಬೇರೆ ಇಟ್ಟು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಮಸೂರವನ್ನಿಡಬೇಕು. ಜೆಲ್ಲನ್ನು ಆಗಾಗ ಬಿಸಿಮಾಡಿ ಒಣಗಿಸಬೇಕು. ಮಸೂರವನ್ನು ಹೊರತೆಗೆದು ಬಳಸುತ್ತಿರಬೇಕು.

ಗುಜರಿಗೆ ಹಾಕುವವರೊಡನೆ ಇಷ್ಟು ಜಗಳವಾಡಿದ ಮೇಲೆ ಇನ್ನೊಂದು ಪಂಗಡದವರನ್ನು ಬಿಟ್ಟರೆ ಪಕ್ಷಪಾತವಾಗುತ್ತದೆ. ಹಳೆಯ ಮಸೂರದಲ್ಲಿ ಏನೋ ಮಾಯೆಯಿದೆ, ಹೊಸದರಲ್ಲಿ ಆತ್ಮವಿಲ್ಲ ಎಂದು ಹಾಡಿ ಹೊಗಳುವವರು ಇವರು. ಸೋವಿಯತ್ ಒಕ್ಕೂಟದ ಹೀಲಿಯೋಸ್-44 ಎಂಬ 58 ಮಿ.ಮೀ. ಮಸೂರವನ್ನು ನೋಡಿ. ಜರ್ಮನಿಯ ಬಯೋಟಾರ್ ಮಸೂರದ ವಿನ್ಯಾಸವನ್ನು ಅನುಸರಿಸಿ, ಝೆನಿಟ್ ಕ್ಯಾಮೆರಾದೊಡನೆ ಭಾರೀ ಸಂಖ್ಯೆಯಲ್ಲಿ ತಯಾರಿಸಿದ ಸಾಮಾನ್ಯ ಸರಕು ಅದು. ಮುಖದ ಹಿಂದಿನ ಎಲೆಗಳು ಸುಳಿಯಂತೆ ತಿರುಗಿದಂತೆ ಕಾಣುವುದು ಅದರ ಖ್ಯಾತಿ. ಚೌಕಟ್ಟಿನ ಅಂಚಿಗೆ ಬರುವ ಬೆಳಕನ್ನು ಮಸೂರದ ಕೊಳವೆಯೇ ಅರ್ಧ ಮರೆಮಾಡುವುದರಿಂದಲೂ, ಅಂಚಿನ ದೋಷಗಳನ್ನು ವಿನ್ಯಾಸ ಪೂರ್ತಿ ತಿದ್ದದೆ ಇರುವುದರಿಂದಲೂ ಆ ಸುಳಿ ಹುಟ್ಟುತ್ತದೆ. ಅದು ಇಷ್ಟವಾದರೆ ಬಳಸಲಿ. ದೋಷವನ್ನು ದೈವವೆಂದು ಮಾರಿ ಬೆಲೆ ಏರಿಸುವುದು ಬೇಡ. ಜಪಾನಿನ ಕೆಲವು ತಕುಮಾರ್ ಮಸೂರಗಳ ಗಾಜಿನಲ್ಲಿ ಥೋರಿಯಂ ಆಕ್ಸೈಡ್ ಸೇರಿದ್ದು, ಅವು ಕಾಲಕ್ರಮದಲ್ಲಿ ಹಳದಿಯಾಗುತ್ತವೆ. ‘ಬಂಗಾರದ ಛಾಯೆ’ ಎಂದು ಅದನ್ನೂ ಹೊಗಳುವವರಿದ್ದಾರೆ. ಬಿಸಿಲಿನ ಅತಿನೇರಳೆ ಕಿರಣಕ್ಕೆ ಕೆಲವು ದಿನ ಒಡ್ಡಿದರೆ ಆ ಹಳದಿ ಬಹುಮಟ್ಟಿಗೆ ಇಳಿದುಹೋಗುತ್ತದೆ. ಗುಜರಿಯವನಿಗೆ ಕೊಡುವವರೂ ಗಾಜಿನ ಪೆಟ್ಟಿಗೆಯಲ್ಲಿಟ್ಟು ಪೂಜಿಸುವವರೂ ಕೊನೆಗೆ ಮಾಡುವುದು ಒಂದೇ: ದುಡಿಯಬಲ್ಲ ಉಪಕರಣವನ್ನು ದುಡಿಯಲು ಬಿಡುವುದಿಲ್ಲ.

ಒಂದರ ಮಸೂರವನ್ನು ಇನ್ನೊಂದಕ್ಕೆ ಜೋಡಿಸುವುದು ಬಡವರ ತೇಪೆ ಕೆಲಸವೆಂದು ಮೂಗು ಮುರಿಯುವವರಿಗೆ ಒಂದು ಉದಾಹರಣೆ ಸಾಕು. 1975ರ ‘ಬ್ಯಾರಿ ಲಿಂಡನ್’ ಚಿತ್ರದ ಕೆಲವು ದೃಶ್ಯಗಳನ್ನು ಮೇಣದ ಬತ್ತಿಯ ಬೆಳಕಿನಲ್ಲೇ ಸೆರೆಹಿಡಿಯಲು ನಿರ್ದೇಶಕ ಸ್ಟ್ಯಾನ್ಲಿ ಕ್ಯೂಬ್ರಿಕ್ ಬಳಸಿದ್ದು, ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾಕ್ಕಾಗಿ ಝೈಸ್ ತಯಾರಿಸಿದ್ದ ಎಫ್/0.7ರ 50 ಮಿ.ಮೀ. ಮಸೂರವನ್ನು. ಅದು ಚಲನಚಿತ್ರದ ಕ್ಯಾಮೆರಾಕ್ಕೆ ಕೂರುವಂಥದಾಗಿರಲಿಲ್ಲ. ಮಿಚೆಲ್ ಕ್ಯಾಮೆರಾವನ್ನೇ ಕೊರೆದು ಮಾರ್ಪಡಿಸಿ ಕೂರಿಸಿದರು.

ಈ ವಾದವನ್ನು ಕನ್ನಡ ಸಂಘದ ಸ್ಮರಣ ಸಂಚಿಕೆಯಲ್ಲಿ ಮಾಡುವುದಕ್ಕೆ ಕಾರಣವಿದೆ. ಗಡಿಯಾಚೆಗೆ ತಲೆಮಾರುಗಳಿಂದ ನೆಲೆಸಿರುವ ನಮ್ಮ ಬದುಕಿನ ದಾಖಲೆ ನಮ್ಮ ಮನೆಗಳಲ್ಲಿದೆ. ಮದುವೆ, ಹಟ್ಟಿಯ ಹಬ್ಬ, ಶಾಲೆಯ ವಾರ್ಷಿಕೋತ್ಸವ, ಸಂಘದ ಹಳೆಯ ನಾಟಕಗಳು, ಇವೆಲ್ಲವೂ ನೆಗೆಟಿವ್‌ಗಳಾಗಿ ಬಿಸ್ಕತ್ತಿನ ಡಬ್ಬಿಗಳಲ್ಲಿ, ಸ್ಟುಡಿಯೋದ ಅಟ್ಟಗಳಲ್ಲಿ ಕುಳಿತಿವೆ. ಅವು ಅಲ್ಲಿ ಸುರಕ್ಷಿತವಾಗಿಲ್ಲ. ಅಸಿಟೇಟ್ ತಳದ ಫಿಲ್ಮು ತೇವಕ್ಕೂ ಶಾಖಕ್ಕೂ ಸಿಕ್ಕಿ ಕೊಳೆಯತೊಡಗಿದಾಗ ವಿನಿಗರ್‌ನ ಹುಳಿ ವಾಸನೆ ಬಿಡುತ್ತದೆ, ಮುದುಡುತ್ತದೆ, ಬಿಂಬವನ್ನು ಹೊತ್ತ ಪದರ ಸುಕ್ಕುಗಟ್ಟಿ ಕಳಚಿಕೊಳ್ಳುತ್ತದೆ. ಒಮ್ಮೆ ಆರಂಭವಾದ ಮೇಲೆ ಅದನ್ನು ನಿಧಾನಗೊಳಿಸಬಹುದೇ ಹೊರತು ಹಿಂದಿರುಗಿಸಲಾಗದು. ಅದಕ್ಕೆ ಮೊದಲೇ ಪ್ರತಿಯೊಂದನ್ನೂ ಡಿಜಿಟಲ್ ರೂಪಕ್ಕೆ ಇಳಿಸಿಕೊಳ್ಳಬೇಕು.

ಈ ಕೆಲಸಕ್ಕೆ ಅತ್ಯಂತ ತಕ್ಕ ಉಪಕರಣಗಳಲ್ಲಿ ಒಂದು, ನಾವು ಗುಜರಿಗೆ ಹಾಕುತ್ತಿರುವ ಮಸೂರವೇ. 50 ಮಿ.ಮೀ. ಮಸೂರಕ್ಕೂ ಕ್ಯಾಮೆರಾಕ್ಕೂ ನಡುವೆ, ಅಡಾಪ್ಟರಿನ ಜೊತೆಗೆ, 50 ಮಿ.ಮೀ. ಉದ್ದದ ಎಕ್ಸ್‌ಟೆನ್ಶನ್ ಟ್ಯೂಬನ್ನು ಸೇರಿಸಿದರೆ ನೆಗೆಟಿವ್ ತನ್ನ ನಿಜಗಾತ್ರದಲ್ಲೇ ಫುಲ್ ಫ್ರೇಮ್ ಸೆನ್ಸರನ್ನು ತುಂಬುತ್ತದೆ. ಎಪಿಎಸ್-ಸಿ ಕ್ಯಾಮೆರಾಕ್ಕೆ ಸುಮಾರು 33 ಮಿ.ಮೀ. ಸಾಕು. ಹಿಂದಿನಿಂದ ಸಮನಾದ ಬಿಳಿ ಬೆಳಕು, ಅಲುಗದ ಸ್ಟ್ಯಾಂಡು, ಎಫ್/8ರ ಅಪರ್ಚರ್ ಇಷ್ಟಿದ್ದರೆ ಒಂದು ಮಧ್ಯಾಹ್ನದಲ್ಲಿ ಹಲವು ರೋಲುಗಳನ್ನು ಪ್ರತಿ ಮಾಡಬಹುದು. ಸ್ಟುಡಿಯೋದ ಡಾರ್ಕ್‌ರೂಮಿನಲ್ಲಿ ಎನ್ಲಾರ್ಜರಿಗೆ ಬಿಗಿದಿದ್ದ ಮಸೂರ ಇದಕ್ಕೆ ಇನ್ನೂ ಉತ್ತಮ, ಏಕೆಂದರೆ ಚಪ್ಪಟೆಯಾದ ನೆಗೆಟಿವನ್ನು ಅಂಚಿನವರೆಗೂ ಸ್ಪಷ್ಟವಾಗಿ ತೋರಿಸುವುದಕ್ಕೆಂದೇ ಅದನ್ನು ರೂಪಿಸಿದ್ದಾರೆ. ಅದಕ್ಕೆ ಫೋಕಸ್ ಉಂಗುರವಿಲ್ಲದ್ದರಿಂದ ಬೆಲ್ಲೋಸ್ ಬೇಕಾಗುತ್ತದೆ. ‘ಮೊಬೈಲಿನಲ್ಲೇ ತೆಗೆದರಾಯಿತಲ್ಲ’ ಎನ್ನುವವರು ಒಂದು ನೆಗೆಟಿವನ್ನು ಎರಡೂ ರೀತಿಯಲ್ಲಿ ಪ್ರತಿ ಮಾಡಿ, ಹಿಗ್ಗಿಸಿ, ಹಿಂದಿನ ಸಾಲಿನಲ್ಲಿ ನಿಂತವರ ಮುಖಗಳನ್ನು ಗುರುತಿಸಲು ಯತ್ನಿಸಲಿ.

ಆದ್ದರಿಂದ ನನ್ನ ಕೋರಿಕೆ ಸ್ಪಷ್ಟವಾಗಿದೆ. ಸದಸ್ಯರ ಮನೆಯವರು ಹಳೆಯ ಕ್ಯಾಮೆರಾವನ್ನು ಹೊರಹಾಕುವ ಮುನ್ನ ಮಸೂರದ ಮುಂಭಾಗದ ಉಂಗುರದ ಮೇಲಿರುವ ಹೆಸರನ್ನೂ ಅಂಕಿಗಳನ್ನೂ ಬರೆದುಕೊಳ್ಳಲಿ. ಬೆಳಕಿಗೆ ಹಿಡಿದು ಒಳಗೆ ಬೂಷ್ಟಿದೆಯೇ ನೋಡಲಿ. ತಮಗೆ ಬೇಡವಾದರೆ ಸಂಘಕ್ಕೆ ಕೊಡಲಿ. ಸಂಘವು ಒಂದು ಮಿರರ್‌ಲೆಸ್ ಕ್ಯಾಮೆರಾವನ್ನು, ಬಳಸಿದ್ದಾದರೂ ಸರಿ, ಕೊಂಡು, ನಾಲ್ಕೈದು ಅಡಾಪ್ಟರುಗಳನ್ನೂ ಎಕ್ಸ್‌ಟೆನ್ಶನ್ ಟ್ಯೂಬುಗಳನ್ನೂ ಇಟ್ಟು, ಪುಸ್ತಕ ಭಂಡಾರದಂತೆಯೇ ಒಂದು ಮಸೂರ ಭಂಡಾರವನ್ನು ತೆರೆಯಲಿ. ನಮ್ಮ ಕಾಲೇಜು ಮಕ್ಕಳು ಅದನ್ನು ಎರವಲು ಪಡೆದು, ಮೊದಲು ತಮ್ಮ ಮನೆಯ ನೆಗೆಟಿವ್‌ಗಳನ್ನು, ಆಮೇಲೆ ನೆರೆಮನೆಯವನ್ನು ಪ್ರತಿ ಮಾಡಲಿ. ಚಿತ್ರದಲ್ಲಿರುವವರು ಯಾರೆಂದು ಹೇಳಬಲ್ಲ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆಸರುಗಳನ್ನು ಕನ್ನಡದಲ್ಲಿ ಬರೆದಿಡಲಿ. ಇದಕ್ಕೆ ತಗಲುವ ವೆಚ್ಚ ಒಂದು ದಿನದ ಸಮಾರಂಭದ ಪೆಂಡಾಲು ಮತ್ತು ಊಟದ ಖರ್ಚಿಗಿಂತ ಹೆಚ್ಚಾಗದು.

ಮುಂದಿನ ಮಳೆಗಾಲ ಬರಲಿದೆ. ಈ ಬೆಟ್ಟದ ತೇವ ಮಸೂರವನ್ನೂ ನೆಗೆಟಿವನ್ನೂ ಒಟ್ಟಿಗೇ ತಿನ್ನುತ್ತದೆ. ಎರಡನ್ನೂ ಡಬ್ಬಿಯಿಂದ ಹೊರತೆಗೆದು ಒಂದರಿಂದ ಇನ್ನೊಂದನ್ನು ಉಳಿಸಿಕೊಳ್ಳುವ ಅವಕಾಶ ಈಗ ನಮ್ಮ ಕೈಯಲ್ಲಿದೆ. ಅದನ್ನು ಕಳೆದುಕೊಂಡರೆ ಕಂಪನಿಗಳನ್ನಾಗಲಿ ಕಾಲವನ್ನಾಗಲಿ ದೂರುವ ಹಕ್ಕು ನಮಗೆ ಉಳಿಯುವುದಿಲ್ಲ.